ನಾಯಿಯ ಮುಖವಾಡಕ್ಕೆ ಹತ್ತಿ

ಅರುಣಾ ಅಂಗಳಕ್ಕೆ ನೀರು ಹಾಕಿ ರಂಗೋಲಿಯ ಚುಕ್ಕಿ ಇಡುತ್ತಿದ್ದಳು. ಮೂರನೆಯ ಸಾಲು ಮುಗಿದಿರಲಿಲ್ಲ, ಪಕ್ಕದ ಮನೆಯ ಮುದುಕಿ ಎರ್ರಮ್ಮ ಏದುಸಿರು ಬಿಡುತ್ತ ಬಂದಳು.

"ಅರುಣಾ, ಕೇಳಿದೇನ? ಆ ಕೆಂಚ ನಾಯಿ ಕಾಲುವಿ ದಂಡಿಗೆ ಸತ್ತು ಬಿದ್ದೈತಿ. ಬಾಯಿ ತುಂಬ ಬೆಳ್ಳನ ನೊರಿ. ಹುಚ್ಚು ಹಿಡದಿತ್ತಂತ. ಹುಲುಗೇಶನ ಮನಿ ಕರಾನೂ ಕಡದೈತಂತ."

ರಂಗೋಲಿ ಹಿಟ್ಟು ಅರುಣಾಳ ಬೆರಳ ಸಂದಿಯಿಂದ ಸುಮ್ಮನೆ ಸುರಿದುಹೋಯಿತು. ಬಿಳಿ ನೊರೆ ಅಂದದ್ದೇ ನಿನ್ನೆಯ ಪಾಠ ಕಣ್ಣ ಮುಂದೆ ಬಂತು.

ಕುರುಗೋಡಿನ ಆ ಓಣಿಯ ಅಂಗನವಾಡಿಗೆ ಅವಳೇ ಟೀಚರು. ಯಾವ ಪ್ರಾಣಿಗೆ ಏನಿದೆ ಎಂದು ಕೇಳಿ ಕೇಳಿ ನಿನ್ನೆ ಮಕ್ಕಳಿಂದ ರಟ್ಟಿನ ಮುಖವಾಡ ಮಾಡಿಸಿದ್ದಳು. ಬೆಕ್ಕಿಗೆ ಪೊರಕೆ ಕಡ್ಡಿಯ ಮೀಸೆ, ಎಮ್ಮೆಗೆ ಬಾಗಿದ ಕೊಂಬು, ಕುರಿಗೆ ಹತ್ತಿಯ ಉಣ್ಣೆ. ಅವಳ ಐದು ವರ್ಷದ ಮಗಳು ಕಾವೇರಿ ನಾಯಿ ಮಾಡಿದ್ದಳು. ಕಿವಿ ಸರಿ, ಮೂಗು ಸರಿ. ಬಾಯಿಯ ಸುತ್ತ ಮಾತ್ರ ಹತ್ತಿ ಅಂಟಿಸಿದ್ದಳು. "ಹತ್ತಿ ಕುರಿಗೆ ಬಂಗಾರಿ, ನಾಯಿಗಲ್ಲ" ಎಂದು ನಗುತ್ತ ಅರುಣಾಳೇ ಕಿತ್ತುಹಾಕಿದ್ದಳು. ಉಳಿದ ಮಕ್ಕಳೆಲ್ಲ ಮುಖವಾಡ ಕಟ್ಟಿಕೊಂಡು ಕುಣಿದರು. ಕಾವೇರಿ ಕಟ್ಟಿಕೊಳ್ಳಲಿಲ್ಲ. ಆಗಿನಿಂದ ಮಾತಿಲ್ಲ. ಮಲಗುವಾಗ ಉದ್ದ ಲಂಗ ಬದಲಿಸಲೂ ಬಿಟ್ಟಿರಲಿಲ್ಲ.

ಒಳಗೆ ಕಾವೇರಿ ಮೊಳಕಾಲು ಮಡಚಿ ಗೋಡೆಗೆ ಒರಗಿದ್ದಳು. ಲಂಗ ಎತ್ತಿ ನೋಡಲು ಚಾಚಿದ ಕೈಯನ್ನು ಅರುಣಾ ಹಿಂದಕ್ಕೆ ತೆಗೆದುಕೊಂಡಳು. ಗದರಿದರೆ ಈ ಹುಡುಗಿ ಇನ್ನಷ್ಟು ಮುದುಡುತ್ತಾಳೆ, ಅದು ತಾಯಿಗೆ ಗೊತ್ತು. ಅವಳು ನಿನ್ನೆ ಮನೆಗೆ ತಂದಿದ್ದ ನಾಯಿಯ ಮುಖವಾಡವನ್ನು ಮಗಳ ಮುಂದಿಟ್ಟಳು. ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯನ್ನು ಹಿಂಜಿ ಬಾಯಿಯ ಸುತ್ತ ತಾನೇ ಜೋಡಿಸಿದಳು.

"ನೀ ಮಾಡಿದ್ದು ಸರಿ ಇತ್ತು, ನನ್ನವ್ವ. ನಂದ ತಪ್ಪಾತು. ಈ ನಾಯಿ ಕಿವಿ ಹೆಂಗಿದ್ವು? ತೋರ್ಸು."

ಕಾವೇರಿ ರಟ್ಟಿನ ಕಿವಿಗಳನ್ನು ಹಿಂದಕ್ಕೆ ಒತ್ತಿದಳು.

"ಬಾಲ?"

ಒಂದು ಬೆರಳು ಮಡಚಿ ತೊಡೆಯ ಕೆಳಗೆ ಸೇರಿಸಿದಳು.

"ಹಲ್ಲು?" ಅರುಣಾ ಮಗಳ ಹತ್ತಿರಕ್ಕೆ ಸರಿದಳು. "ಹಲ್ಲು ಎಲ್ಲಿ ಮುಟ್ಟಿದ್ವು ಬಂಗಾರಿ?"

ಕಾವೇರಿ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಲಂಗ ಮೆಲ್ಲಗೆ ಮೇಲೆ ಸರಿಯಿತು. ಎಡಗಾಲಿನ ಮೀನಖಂಡದಲ್ಲಿ ಎರಡು ತೂತು, ಸುತ್ತ ಒಣಗಿದ ರಕ್ತ.

ಮಗಳನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಅರುಣಾ ಸಾಬೂನು ಹಚ್ಚಿ ತೊಳೆದಳು. ಹದಿನೈದು ನಿಮಿಷ ತೊಳೆಯಬೇಕೆಂದು ಊರ ತಾಯಂದಿರಿಗೆ ಅವಳೇ ಎಷ್ಟೋ ಸಲ ಹೇಳಿದ್ದಳು. ಇಂದು ಆ ಹದಿನೈದು ನಿಮಿಷ ಮುಗಿಯಲೇ ಒಲ್ಲದು. ಎರ್ರಮ್ಮ ಖಾರದಪುಡಿಯ ಡಬ್ಬಿ ತಂದಳು.

"ಇದನ್ನ ತುಂಬಿ ಬಟ್ಟಿ ಕಟ್ಟು. ನಮ್ಮ ಕಾಲದಾಗ..."

"ಬ್ಯಾಡತ್ತಿ, ಖಾರ ಸಾರಿಗಿರಲಿ. ಬಳ್ಳಾರಿ ದೊಡ್ಡಾಸ್ಪತ್ರಿಗೆ ಹೋಗ್ತೀವಿ. ಒಂದು ಆಟೋ ಕರೀರಿ, ಬಸ್‌ಸ್ಟ್ಯಾಂಡಿಗೆ."

ಬಸ್ಸು ಹೊರಟ ಮೇಲೆ ಗಂಡನಿಗೆ ಫೋನು ಮಾಡಿದಳು. ಮೈಲಾರಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿದ್ದ.

"ಯಾವಾಗ ಕಡೀತು?"

"ನಿನ್ನಿ ಮುಂಜಾನಿ ಇರಬೇಕು."

"ನಿನ್ನೀನಾ? ತಡ ಆತೇನಲೇ, ಅರುಣಾ?"

ಮಗಳು ತೊಡೆಯ ಮೇಲಿದ್ದಳು. "ಬಸ್ಸಿನಾಗ ಅದೀವಿ. ನೀವು ದೊಡ್ಡಾಸ್ಪತ್ರಿಗೇ ಬರ್ರಿ" ಎಂದಷ್ಟೇ ಹೇಳಿ ಫೋನು ಇಟ್ಟಳು.

ಕಾವೇರಿ ಒಂದು ಕೈಯಿಂದ ತನ್ನ ಕಿವಿ ಸವರಿಕೊಂಡಳು. ನಂತರ ಮೂಗಿನ ತುದಿ. ಬಾಯಲ್ಲಿ ಬೆರಳಿಟ್ಟು ಹಲ್ಲು ಮುಟ್ಟಿಕೊಂಡಳು. ಮತ್ತೆ ಕಿವಿ.

"ಕಿವಿ ನೋಯ್ತೈತೇನು?"

ಇಲ್ಲವೆಂದು ತಲೆಯಾಡಿಸಿದಳು. ಮುಂದಿನ ಊರು ಬಂತು, ಜನ ಇಳಿದರು, ಹತ್ತಿದರು. ಬಸ್ಸು ಮತ್ತೆ ಹೊರಟಾಗ ಅವಳು ತಾಯಿಯ ಕೊರಳಿಗೆ ಮುಖ ಒತ್ತಿದಳು.

"ಅವ್ವಾ, ನಾಯಿ ಕಡದ್ರ ನಾಯಿ ಆಗ್ತಾರಂತ, ಎರ್ರಮ್ಮಜ್ಜಿ ಹೇಳ್ಯಾಳ. ನಾ ಯಾವಾಗ ಆಗ್ತೀನಿ?"