ನಾಲ್ಕು ಮೀಸೆಯ ಒಕ್ಕೂಟ

ಎರಡು ಜಡೆ ಸೇರುವುದಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನಾಲ್ಕು ಮೀಸೆಗಳನ್ನು ಒಂದೇ ಮೇಜಿಗೆ ಕೂರಿಸಿ ನೋಡಿರಲಿಲ್ಲ. ತ್ಸಿಯಾಲಾ ನೋಡುತ್ತಿದ್ದಳು. ಕುತಾಯಿಸಿ ನಗರದ ಆಚೆಗಿನ ಆ ಪುಟ್ಟ ಊರಿನಲ್ಲಿ ನಾಲ್ಕು ವಿರೋಧ ಪಕ್ಷಗಳು ದೇಶವನ್ನು ಯುರೋಪಿನ ಒಕ್ಕೂಟಕ್ಕೆ ಸೇರಿಸುತ್ತೇವೆಂದು ಹೇಳಿ ಒಂದಾಗಿ, ಆಕೆಯ ಮನೆಯನ್ನೇ ಕಚೇರಿ ಮಾಡಿಕೊಂಡಿದ್ದವು. ಮೇಯರ್ ಚುನಾವಣೆಗೆ ಹೆಸರು ಕೊಡಲು ಇವತ್ತು ಸಂಜೆ ಆರು ಗಂಟೆಯೇ ಕಡೆ. ಮೊದಲ ಸಹಿ ತನ್ನದಿರಲಿ ಎಂಬ ಆತುರದಲ್ಲಿ ನಾಲ್ವರು ಮುಖಂಡರೂ ಅರ್ಜಿಗೆ ಸಹಿ ಗೀಚಿದ್ದರು. ಅಭ್ಯರ್ಥಿಯ ಹೆಸರಿನ ಜಾಗ ಮಾತ್ರ ಖಾಲಿ. ಉಂಡು ತೀರ್ಮಾನಿಸೋಣ ಎಂದಿದ್ದರು.

ಉಣ್ಣಲು ಕೂತರೆ ತಮಾದಾ ಬೇಕಲ್ಲ, ಒಂದೊಂದು ಹಾರೈಕೆ ನುಡಿದು ಒಂದೊಂದು ಲೋಟ ಕುಡಿಸುವ ಪಂಕ್ತಿಯ ಯಜಮಾನ.

"ಗೆಲಾ ತಮಾದಾ ಆದ್ರೆ ಅವನೇ ಅಭ್ಯರ್ಥಿ ಅಂತ ಆಗ್ಬಿಡುತ್ತೆ," ಎಂದು ನಾಲ್ವರಲ್ಲಿ ಗೆಲಾನನ್ನು ಬಿಟ್ಟು ಮೂವರು ಮೂಗು ಮುರಿದರು. ಉಳಿದವರ ಹೆಸರಿಗೂ ಇದೇ ಗತಿಯಾಯಿತು. ಕೊನೆಗೆ ಹಾವೂ ಸಾಯದೆ ಕೋಲೂ ಮುರಿಯದೆ ಇರಲೆಂದು ಪಕ್ಕದ ಮನೆಯ ಓತಿಯಾನನ್ನು ತಮಾದಾ ಆಗೆಂದು ಕರೆದರು. ಓತಿಯಾ ಆಳುವ ಪಕ್ಷದವನು. ಕುರಿ ಕಾಯಲು ತೋಳನನ್ನು ಕರೆಯುವಷ್ಟು ಬುದ್ಧಿ ಯುರೋಪಿಗೆ ಹೊರಟವರಿಗೆ ಇತ್ತು.

ಓತಿಯಾ ಶಾಂತಿಗೆಂದು ಕುಡಿಸಿದ, ಸತ್ತವರಿಗೆಂದು ಕುಡಿಸಿದ, ನಗುನಗುತ್ತಾ ಬ್ರಸೆಲ್ಸಿಗೂ ಕುಡಿಸಿದ. ಐದು ಗಂಟೆಗೆ ಗೆಲಾ ಗಡಿಯಾರ ನೋಡಿ ಎದ್ದ.

"ಎಲ್ಲಿಗಪ್ಪಾ?"

"ಅಣ್ಣಾ, ಆರಕ್ಕೆ ಅರ್ಜಿ..."

"ತೀರಿಹೋದ ನಿಮ್ಮಪ್ಪನ ಹೆಸರಲ್ಲಿ ಕುಡೀತಿದೀವಿ, ನೀನು ಎದ್ದು ಹೋಗ್ತೀಯಾ? ಹೋಗು ಹೋಗು, ಊರೇ ನೋಡ್ಲಿ."

ಗೆಲಾ ಕೂತ. ತಮಾದಾ ಬಿಡದೆ ಏಳುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ತ್ಸಿಯಾಲಾಗೆ ಅಳು ಬಂತು. ಎರಡು ವರ್ಷ ಮನೆಮನೆ ಸುತ್ತಿ, ನಾಯಿ ಕೈಲಿ ಕಚ್ಚಿಸಿಕೊಂಡು ಕೂಡಿಸಿದ ಮತಗಳೆಲ್ಲ ಇವರ ಗಂಟಲಲ್ಲಿ ಇಳಿದುಹೋಗುತ್ತಿದ್ದವು.

"ಖಾಚಾಪುರಿ ಮುಗೀತಲ್ಲಮ್ಮಾ, ತ್ಸಿಯಾಲಾ!" ಓತಿಯಾ ಕೂಗಿದ.

"ಬಂದೆ ಅಣ್ಣಾ."

ಅಡುಗೆಮನೆಗೆ ಬಂದಾಗ ಹೊಳೆಯಿತು. ಮಧ್ಯಾಹ್ನದಿಂದ ಇಪ್ಪತ್ತು ಸಲ ಹೋಗಿಬಂದಿದ್ದಾಳೆ, ತಮಾದಾ ಒಂದು ಸಲವಾದರೂ ತಡೆದಿದ್ದನೆ? ಆ ಕಟ್ಟುಪಾಡೆಲ್ಲ ಕೂತವರಿಗೆ, ಬಡಿಸುವವಳಿಗಲ್ಲ. ಕೈ ಒರೆಸಿಕೊಂಡು ಕಪಾಟಿನಲ್ಲಿಟ್ಟಿದ್ದ ಅರ್ಜಿ ತೆಗೆದಳು. ಗೆಲಾನ ಹೆಸರು ಬರೆದರೆ ಮೂವರು ಮುನಿಯುತ್ತಾರೆ, ಇನ್ನೊಬ್ಬನದಾದರೆ ಗೆಲಾ ಮುನಿಯುತ್ತಾನೆ. ಖಾಲಿ ಜಾಗದಲ್ಲಿ ದುಂಡಗೆ ತನ್ನ ಹೆಸರನ್ನೇ ಬರೆದಳು. ಚೀಸ್ ತುಂಬಿದ ಬಿಸಿ ಖಾಚಾಪುರಿ ರೊಟ್ಟಿಯನ್ನು ಓತಿಯಾನ ಮುಂದಿಟ್ಟು, "ಉಪ್ಪು ತರ್ತೀನಿ," ಎಂದು ಹಿತ್ತಲ ಬಾಗಿಲಿನಿಂದ ನಡೆದೇಬಿಟ್ಟಳು.

ಆರಕ್ಕೆ ಹತ್ತು ನಿಮಿಷವಿತ್ತು. ಚುನಾವಣಾ ಕಚೇರಿಯ ಗುಮಾಸ್ತೆ ಅರ್ಜಿ ಓದಿ ಕನ್ನಡಕ ಮೇಲೇರಿಸಿದಳು. "ನಾಲ್ಕು ಪಕ್ಷದವರೂ ನಿನ್ನನ್ನ ಒಪ್ಪಿದ್ರಾ?"

"ಸಹಿ ಇದೆಯಲ್ಲಕ್ಕಾ."

"ಮತ್ತೆ ಎಲ್ಲಿ ಅವರು?"

"ಊಟಕ್ಕೆ ಕೂತಿದಾರೆ. ತಮಾದಾ ಇನ್ನೂ ಏಳೋಕೆ ಬಿಟ್ಟಿಲ್ಲ."

ಗುಮಾಸ್ತೆಯೂ ಅದೇ ಊರಿನವಳು, ಮೂವತ್ತು ವರ್ಷ ಬಡಿಸಿದವಳು. ಮತ್ತೇನೂ ಕೇಳದೆ ಮೊಹರು ಒತ್ತಿದಳು.