ಭಾವನ ಕೀಲಿ

ಗಂಡನನ್ನು ಕಳೆದುಕೊಂಡವಳು ಅಕ್ಕ. ಎಂಟು ತಿಂಗಳಿಂದ ಕೆಟ್ಟ ಕನಸು ಬೀಳುತ್ತಿದ್ದದ್ದು ಮಾತ್ರ ತಮ್ಮನಿಗೆ. ಚೀರಿಕೊಂಡು ಏಳುವವನನ್ನು ತಟ್ಟಿ ಮಲಗಿಸುವ ಕೆಲಸವೂ ಅವಳ ಪಾಲಿಗೇ ಬಂದಿತ್ತು.

ಭಾವ, ತಮ್ಮ ಇಬ್ಬರೂ ದುಡಿಯುತ್ತಿದ್ದ ಸಾಬೂನು ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟು. ಕಲಸುವ ಯಂತ್ರದೊಳಗೆ ಇಳಿದು ತೊಳೆಯುವವನು ಬೇರೆ ಯಾರೂ ಚಾಲೂ ಮಾಡದ ಹಾಗೆ ಮೊದಲು ಸ್ವಿಚ್ಚಿಗೆ ತನ್ನ ಬೀಗ ಹಾಕಬೇಕು, ಕೀಲಿ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಭಾವ ಬೀಗವನ್ನೇನೋ ಹಾಕಿದ. ಕೀಲಿಯನ್ನು ಮಾತ್ರ, "ನೀರಲ್ಲಿ ಬಿದ್ದುಹೋಗುತ್ತೆ. ನಿನ್ನ ಹತ್ರ ಇದ್ರೆ ನನ್ನ ಹತ್ರ ಇದ್ದ ಹಾಗೇ," ಎಂದು ಇವನ ಕೈಗಿತ್ತ. ಭಾವ ಆಗಲೇ ಚಹಾಕ್ಕೆ ಹೋಗಿರಬೇಕು ಅಂದುಕೊಂಡ ಈ ಮಹಾಶಯ, ಒಂದು ಸಲ ಬಗ್ಗಿ ನೋಡುವ ಗೋಜಿಗೂ ಹೋಗದೆ ಬೀಗ ತೆಗೆದು ಸ್ವಿಚ್ಚು ಒತ್ತಿದ. ಭಾವ ಇನ್ನೂ ಒಳಗೇ ಇದ್ದ. ಆಮೇಲೆ ಬೀಗವನ್ನು ಭಾವನ ಸಾಮಾನಿನ ಪೆಟ್ಟಿಗೆಗೆ ಸೇರಿಸಿ, ಕೀಲಿಯನ್ನು ಮೋರಿಗೆಸೆದು, ವಿಚಾರಣೆಯಲ್ಲಿ "ಭಾವ ಬೀಗ ಹಾಕಿರಲೇ ಇಲ್ಲ" ಎಂದುಬಿಟ್ಟ. ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ?

ಕನಸಿನ ಕಾಟಕ್ಕೆ ಡಾಕ್ಟರಮ್ಮ ಹೇಳಿದ್ದಿಷ್ಟು: ಸಂಜೆ ಮೇಲೆ ಫೋನು ಬೇಡ, ಬಿಸಿನೀರಿನಲ್ಲಿ ಕಾಲಿಡಬೇಕು, ದೀಪ ಮಂದವಾಗಿರಬೇಕು, ಉಸಿರು ನಿಧಾನವಾಗಿರಬೇಕು. "ಇದು ಕನಸು ಅಂತ ಕನಸಲ್ಲೇ ಗೊತ್ತಾದ್ರೆ ಅದನ್ನ ಬದಲಾಯಿಸಬಹುದು. ಅದಕ್ಕೊಂದು ಗುರುತು ಇಟ್ಕೊಳ್ಳಿ. ಹಗಲೆಲ್ಲ ಅದನ್ನ ನೋಡ್ಕೊಳ್ತಾ ಇರಿ."

ಗುರುತಿಗೆ ಹುಡುಕಾಡಬೇಕಾಗಲಿಲ್ಲ. ಕನಸಿನಲ್ಲಿ ಪ್ರತಿ ಸಲವೂ ಅದೇ ದಿನ, ಭಾವನ ಕೀಲಿ ಅವನ ಜೇಬಿನಲ್ಲೇ ಇರುತ್ತಿತ್ತು. ಎಚ್ಚರವಿದ್ದಾಗ ಅದು ಅಲ್ಲಿರಲು ಸಾಧ್ಯವೇ ಇರಲಿಲ್ಲ, ಮೋರಿ ಪಾಲಾಗಿತ್ತಲ್ಲ. ಹಗಲಿಗೆ ಹತ್ತು ಸಲ ಜೇಬಿಗೆ ಕೈಹಾಕಿ ನೋಡಿಕೊಂಡ. ಸಂಜೆ ಅಕ್ಕ ನೀರು ಕಾಯಿಸಿಕೊಟ್ಟಳು, ಪಕ್ಕದಲ್ಲಿ ಕೂತು ಅವನ ಉಸಿರು ಎಣಿಸಿದಳು.

ಮೂರನೆಯ ವಾರ, ಕನಸಿನಲ್ಲಿ ಕೀಲಿ ಬೆರಳಿಗೆ ತಾಗಿತು. ಓ, ಇದು ಕನಸು! ಕೀಲಿಯನ್ನು ಅಲ್ಲೇ ಬಿಟ್ಟು, ಬೀಗವನ್ನು ಮುಟ್ಟದೆ ನಿಂತ. ಭಾವ ಮೈಯೆಲ್ಲ ನೊರೆ ಮಾಡಿಕೊಂಡು ನಗುತ್ತಾ ಮೇಲೆ ಹತ್ತಿ ಬಂದ.

ಬೆಳಿಗ್ಗೆ ಅಕ್ಕನಿಗೆ, ಭಾವ ನಗುತ್ತಾ ಬಂದರು ಅಂತಷ್ಟೇ ಹೇಳಿದ. ಕೀಲಿಯ ಸುದ್ದಿ ಎತ್ತಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡಳು. "ಅವರನ್ನ ಒಂದು ಮಾತು ಕೇಳಬಾರದಿತ್ತೇನೋ? ಮನೆ ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡೋ ಮನುಷ್ಯ, ಅವತ್ತು ಯಾಕೆ ಹಾಕಲಿಲ್ಲ ಅಂತ?"

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಎಚ್ಚರವಾಗಿಯೇ ಇದ್ದ. ಇಲ್ಲಿ ಏನಾದರೂ ಬದಲಾಗಬೇಕಾದರೆ ಅವನೇ ಬಾಯಿ ಬಿಡಬೇಕಿತ್ತು.

"ಕೇಳಿದೆ ಅಕ್ಕಾ," ಅಂದ. "ಮರೆತೆ ಅಂದ್ರು."

ಸಂಜೆ ಅಕ್ಕ ಎಂದಿನಂತೆ ಅವನ ಕಾಲಿಗೆ ನೀರು ಕಾಯಲು ಇಟ್ಟಳು.