ಎಣಿಸದೆ ಬಿಟ್ಟ ಕೆಂಪು ಚುಕ್ಕಿಗಳು

ನಾನು ಗದಗಿನಲ್ಲಿ ಹುಟ್ಟಿದ ಒಂದು ಹಾಜರಿ ಪುಸ್ತಕ. ನಾನೂರು ಹಾಳೆ, ಕಂದು ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಹಾಜರಿ ಪುಸ್ತಕವೆಂದರೂ ನನ್ನೊಳಗೆ ಶಾಲೆಯ ಒಂದು ಮಗುವಿನ ಹೆಸರೂ ಇಲ್ಲ. ಇರುವುದು ಆಸ್ಟ್ರೇಲಿಯಾದ ಫುಟ್‌ಬಾಲ್ ಕ್ಲಬ್ಬೊಂದರ ಹದಿನೆಂಟು ವರ್ಷಗಳ ದಾಖಲೆ. ಯಾರು ಆಡಿದರು, ಎಷ್ಟನೇ ನಿಮಿಷಕ್ಕೆ ಗೋಲು ಬಿತ್ತು, ಯಾರಿಗೆ ಹಳದಿ ಕಾರ್ಡು ತೋರಿಸಿದರು, ಎಷ್ಟು ಜನ ನೋಡಲು ಬಂದಿದ್ದರು, ಏನು ಕೇಳಿದರೂ ಹೇಳುತ್ತೇನೆ. ನನ್ನ ಎಡ ಅಂಚಿನ ಕೆಂಪು ಚುಕ್ಕಿಗಳ ವಿಷಯವನ್ನು ಮಾತ್ರ ಬಹಳ ವರ್ಷ ಯಾರೂ ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ಕೇಳಿದ್ದರೆ ರೇ ವೆಲ್ಲಾ ಎಂಬ ಆಟಗಾರ ಇವತ್ತು ತನ್ನ ಮನೆಯ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತಿದ್ದನೋ ಏನೋ. ಅವನ ಕಥೆ ಬಿಟ್ಟು ನನ್ನ ಕಥೆ ಹೇಳಲು ನನಗೆ ಬರುವುದಿಲ್ಲ.

ನನ್ನನ್ನು ಹೊಲಿದವರು ಬೈಂಡಿಂಗ್ ಹುಸೇನಸಾಬರು. ಹುಳ ಹಿಡಿಯಬಾರದೆಂದು ಮೈದಾ ಅಂಟಿಗೆ ಮೈಲುತುತ್ತ ಕಲಸಿ ಬಳಿದಿದ್ದರು. ಆ ಕಹಿ ಇನ್ನೂ ನನ್ನ ಮೈಯಲ್ಲಿದೆ, ಮಾತಿನಲ್ಲೂ ಬಂದರೆ ಕ್ಷಮಿಸಿ. ಮಾಡಿಸಿದವರು ಬಸಲಿಂಗಪ್ಪ ಹೊಂಬಳ ಎಂಬ ಶಾಲಾ ಮಾಸ್ತರರು. ಅವರದೊಂದು ಪದ್ಧತಿಯಿತ್ತು. ಮಗು ಶಾಲೆಗೆ ಬಂದಿದೆ, ಆದರೆ ತಲೆ ಸುತ್ತಿಯೋ ಜ್ವರ ಬಂದೋ ಬೆಂಚಿಗೆ ಒರಗಿದೆ ಎಂದಾದರೆ ಅದರ ಹಾಜರಿಯ ಪಕ್ಕ ಒಂದು ಕೆಂಪು ಚುಕ್ಕಿ ಇಡುತ್ತಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಕೂತು ಚುಕ್ಕಿಗಳನ್ನು ಎಣಿಸುತ್ತಿದ್ದರು. ಮೂರಾಗಿದ್ದರೆ ಸೈಕಲ್ ಹತ್ತಿ ಮಗುವಿನ ಮನೆಗೇ ಹೋಗಿ, "ಸೋಮವಾರ ಇವನ್ನ ಕಳಸಬ್ಯಾಡ್ರಿ, ಮೊದಲ ಡಾಕ್ಟರಿಗೆ ತೋರಸ್ರಿ" ಎಂದು ಹೇಳಿ ಬರುತ್ತಿದ್ದರು. ಬರದವರನ್ನು ಯಾರು ಬೇಕಾದರೂ ಗುರುತಿಸುತ್ತಾರೆ, ಬಂದವರ ಮೇಲೆ ಕಣ್ಣಿರಬೇಕು ಎನ್ನುವುದು ಅವರ ಮಾತು.

ನನ್ನಲ್ಲಿ ಒಂದಕ್ಷರ ಬರೆಯುವ ಮೊದಲೇ ಮಾಸ್ತರರು ನಿವೃತ್ತರಾದರು. ಮಗ ನಿಜಗುಣ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ ಕಲಿತವನು, ರೈಲ್ವೆ ಮೈದಾನದಲ್ಲಿ ಫುಟ್‌ಬಾಲ್ ಆಡಿ ಮೊಣಕಾಲು ಕೆಡಿಸಿಕೊಂಡವನು. ಆಸ್ಟ್ರೇಲಿಯಾದ ಪೋರ್ಟ್ ಹ್ಯಾಲಮ್ ಎಂಬ ಬಂದರಿನಲ್ಲಿ ಕ್ರೇನ್ ರಿಪೇರಿಯ ನೌಕರಿ ಸಿಕ್ಕಿ ಹೊರಟಾಗ ಮಾಸ್ತರರು ಅವನ ಟ್ರಂಕಿನ ತಳದಲ್ಲಿ ನನ್ನನ್ನಿಟ್ಟರು. ಜೊತೆಗೊಂದು ಕೆಂಪು ಪೆನ್ನು. "ಹೊಸಾ ಪುಸ್ತಕ ಐತಿ. ಏನರ ಛಲೋದು ಬರಿ" ಎಂದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಪೋರ್ಟ್ ಹ್ಯಾಲಮ್‌ನಲ್ಲಿ ರೋವರ್ಸ್ ಎಂಬ ವೃತ್ತಿಪರ ಕ್ಲಬ್ ಇತ್ತು. ದೇಶದ ದೊಡ್ಡ ಲೀಗಿನಲ್ಲಿ ಆಡುತ್ತಿತ್ತು. ಗೆಲ್ಲುತ್ತಿತ್ತು ಎಂದು ಹೇಳಲಾರೆ. ಅದರ ದಾಖಲೆಗಳೆಲ್ಲ ಬಿಡಿ ಚೀಟಿಗಳಲ್ಲಿ, ಬಿಸ್ಕತ್ ಡಬ್ಬಿಯೊಂದರಲ್ಲಿ ತುಂಬಿಕೊಂಡಿದ್ದವು. ನಿಜಗುಣನಿಗೆ ಅದನ್ನು ಕಂಡು ಮೈ ಉರಿಯಿತು. ಸಂಬಳವಿಲ್ಲದಿದ್ದರೂ ಚಿಂತೆಯಿಲ್ಲ, ನಾನು ಬರೆಯುತ್ತೇನೆ ಎಂದು ಕೂತುಬಿಟ್ಟ. ಮಕ್ಕಳ ಹೆಸರಿನ ಜಾಗಕ್ಕೆ ಆಟಗಾರರ ಹೆಸರು ಬಂತು, ದಿನಗಳ ಜಾಗಕ್ಕೆ ಪಂದ್ಯಗಳು ಬಂದವು. ಸ್ಟೇಡಿಯಮ್ಮಿನ ಮೇಲಿನ ಸಾಲಿನಲ್ಲಿ, ಅವನ ತೊಡೆಯ ಮೇಲೆ ನನ್ನ ಜಾಗ. ಅತಿ ದೊಡ್ಡ ಸೋಲು ಏಳು ಸೊನ್ನೆ, ಅತಿ ಬೇಗ ಬಿದ್ದ ಗೋಲು ಹನ್ನೊಂದನೇ ಸೆಕೆಂಡು, ಮಳೆಯಲ್ಲಿ ಬಂದು ಕೂತ ಅತಿ ಕಡಿಮೆ ಜನ ನಾನೂರ ಆರು. ಅದರಲ್ಲಿ ನಿಜಗುಣನೂ ಒಬ್ಬ. ಅಂಕಿಯೊಂದು ತಪ್ಪಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ತಂದೆಯ ಚುಕ್ಕಿಯನ್ನೂ ಅವನು ಮರೆತಿರಲಿಲ್ಲ. ಆಟಗಾರನ ತಲೆಗೆ ಪೆಟ್ಟು ಬಿದ್ದು, ಆದರೂ ಅವನು ಆಟ ಬಿಡದಿದ್ದರೆ ಎಡ ಅಂಚಿನಲ್ಲಿ ಒಂದು ಕೆಂಪು ಚುಕ್ಕಿ ಬೀಳುತ್ತಿತ್ತು. ಶನಿವಾರ ಎಣಿಸುವುದೊಂದನ್ನು ಮಾತ್ರ ಬಿಟ್ಟ. ಶನಿವಾರ ಪಂದ್ಯವಿರುತ್ತಿತ್ತಲ್ಲ, ಪುರಸೊತ್ತು ಎಲ್ಲಿತ್ತು.

ರೇ ವೆಲ್ಲಾ ಬಂದಾಗ ಹತ್ತೊಂಬತ್ತರ ಹುಡುಗ. ಮಾಲ್ಟಾದಿಂದ ಬಂದು ನೆಲೆಸಿದ ಮನೆತನ, ಅಪ್ಪನಿಲ್ಲ. ಹಿಂದೆ ನಿಂತು ಗೋಲು ಕಾಯುವ ಡಿಫೆಂಡರ್. ಎತ್ತರಕ್ಕೆ ಬಂದ ಚೆಂಡಿಗೆಲ್ಲ ತಲೆಯೇ ಕೊಡುತ್ತಿದ್ದ. ಒಮ್ಮೆ ಅವನ ತಲೆ ಎದುರಾಳಿಯ ತಲೆಗೆ ಬಡಿದ ಸದ್ದು ನನಗೆ ಮೇಲಿನ ಸಾಲಿನವರೆಗೂ ಕೇಳಿಸಿತು, ಒಣ ತೆಂಗಿನಕಾಯಿ ಕಲ್ಲಿಗೆ ತಾಗಿದಂತೆ. ಜನ ಚಪ್ಪಾಳೆ ತಟ್ಟಿದರು. ಒದ್ದೆ ಸ್ಪಂಜಿನಿಂದ ಮುಖ ಒರೆಸಿದರು, ಅವನು ಎದ್ದ, ಆಡಿದ. ನನ್ನ ಅಂಚಿನಲ್ಲಿ ಅವನ ಮೊದಲ ಚುಕ್ಕಿ ಬಿತ್ತು.

ಮೊದಲ ವರ್ಷ ಎರಡು, ಮರುವರ್ಷ ಮೂರು. ಆಮೇಲೆ ಕೆಲವೊಮ್ಮೆ ಒಂದೇ ತಿಂಗಳಲ್ಲಿ ಎರಡೆರಡು ಬೀಳತೊಡಗಿದವು. ಆದರೆ ಹಾಜರಿಯ ಸಾಲಿನಲ್ಲಿ ಒಂದು ಚೌಕವೂ ಖಾಲಿಯಿಲ್ಲ. ನಿಜಗುಣ ಆ ಸಾಲಿನ ಮೇಲೆ ಬೆರಳಾಡಿಸಿ ಹಿಗ್ಗುತ್ತಿದ್ದ. ಅವನ ಹೆಂಡತಿ ನೀಲಗಂಗಾ ಒಂದು ದಿನ ರೊಟ್ಟಿ ಬಡಿಯುತ್ತಾ ನನ್ನ ಕಡೆ ನೋಡಿದಳು.

"ಏನ್ರೀ, ಈ ಹುಡುಗನ ಹೆಸರಿನ ಬಾಜೂಕ ಎಷ್ಟ್ ಚುಕ್ಕಿ ಅದಾವು. ಮಾವಾರಾಗಿದ್ರ ಇಷ್ಟೊತ್ತಿಗೆ ಅವರ ಮನಿಗೆ ಹೋಗಿ ಬರ್ತಿದ್ರು."

"ಅವ ಸಾಲಿ ಹುಡುಗ ಅಲ್ಲ ನೀಲಾ. ಅವರಿಗೆ ಅವರದ ಡಾಕ್ಟರ್ ಇರ್ತಾನ."

"ಡಾಕ್ಟರ್ ಈ ಪುಸ್ತಕ ನೋಡ್ಯಾನೇನು?"

ನಿಜಗುಣ ನನ್ನನ್ನು ಮುಚ್ಚಿಟ್ಟ. ಮುಚ್ಚಿದ ಪುಸ್ತಕದೊಳಗೆ ಚುಕ್ಕಿ ಎದುರಿನ ಪುಟಕ್ಕೂ ಅಂಟುತ್ತದೆ. ಅವತ್ತಿನಿಂದ ನನಗೆ ಅಂಚಿನಲ್ಲಿ ಏನೋ ಕಡಿತ, ಕೆರೆದುಕೊಳ್ಳಲು ಕೈಯಿಲ್ಲ.

ರೋವರ್ಸ್‌ಗೆ ಒಂದು ಹಳೆಯ ದಾಖಲೆಯಿತ್ತು. ಹಿಂದಿನ ಕಾಲದ ಆಟಗಾರನೊಬ್ಬ ಒಂದೂ ತಪ್ಪಿಸದೆ ನೂರ ಎಂಬತ್ತೇಳು ಪಂದ್ಯ ಆಡಿದ್ದ. ಅದನ್ನು ಬಿಸ್ಕತ್ ಡಬ್ಬಿಯಿಂದ ಹೆಕ್ಕಿ ತೆಗೆದವನು ನಿಜಗುಣನೇ. ಒಂದು ಸಂಜೆ ಕ್ಲಬ್ಬಿನ ಕ್ಯಾಂಟೀನಿನಲ್ಲಿ ನನ್ನನ್ನು ಬಿಚ್ಚಿಟ್ಟುಕೊಂಡು ಎಲ್ಲರೆದುರು ಹೇಳಿಬಿಟ್ಟ, "ರೇ, ಇನ್ನು ಹದಿನಾಲ್ಕು ಆಡಿದರೆ ದಾಖಲೆ ನಿನ್ನದು." ಪ್ರೀತಿಯಿಂದಲೇ ಹೇಳಿದ್ದು. ಮರುದಿನ ಡ್ರೆಸ್ಸಿಂಗ್ ರೂಮಿನ ಬೋರ್ಡಿನ ಮೇಲೆ ಹದಿನಾಲ್ಕು ಎಂದು ಬರೆದಿತ್ತು. ವಾರ ವಾರ ಕೋಚ್ ಅದನ್ನು ಒರೆಸಿ ಒಂದು ಕಡಿಮೆ ಮಾಡಿ ಬರೆಯುತ್ತಿದ್ದ.

ಮೂರು ಎಂದು ಬರೆದ ವಾರ ರೇ ಪ್ರಾಕ್ಟೀಸಿನಲ್ಲಿ ಬಿದ್ದ. ಎರಡು ಸಲ ವಾಂತಿ ಮಾಡಿದ. ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ಕೈಯಡ್ಡ ಹಿಡಿದು ಮೇಲಿನ ಸಾಲಿಗೆ ಹತ್ತಿ ಬಂದು ನಿಜಗುಣನ ಪಕ್ಕ ಕೂತ. ಅವನ ಉಸಿರು ನನ್ನ ಹಾಳೆಗೆ ತಾಗುತ್ತಿತ್ತು.

"ನಿಜ್, ಒಂದೇ ನಿಮಿಷ ಆಡಿ ಹೊರಗೆ ಬಂದರೂ ಪಂದ್ಯ ಲೆಕ್ಕಕ್ಕೆ ಬರುತ್ತದಾ?"

ಅಲ್ಲಿ ನಿಜಗುಣ ಬೇರೆ ಮಾತು ಹೇಳಬಹುದಿತ್ತು. ಅವನ ಬೆರಳು ಅಂಚಿನ ಚುಕ್ಕಿಗಳ ಮೇಲೆಯೇ ಇತ್ತು. ಎಣಿಸು ಮಾರಾಯ, ಒಮ್ಮೆ ಎಣಿಸು ಎಂದು ನಾನು ಒಳಗೇ ಒದ್ದಾಡಿದೆ. ಗಾಳಿ ಬಂದಾಗ ಹಿಂದಿನ ಹಾಳೆಗಳನ್ನೆಲ್ಲ ತೆರೆದು ತೋರಿಸಿದೆ. ಅವನು ಅಂಗೈಯಿಂದ ನನ್ನನ್ನು ಒತ್ತಿ ಹಿಡಿದ.

"ಮೈದಾನದೊಳಗೆ ಕಾಲಿಟ್ಟರೆ ಸಾಕು. ಲೆಕ್ಕಕ್ಕೆ ಬರುತ್ತದೆ" ಎಂದ. ನಿಯಮ ಹಾಗೆಯೇ ಇತ್ತು, ಅವನು ಸುಳ್ಳು ಹೇಳಲಿಲ್ಲ.

ರೇ ಮೂರು ಪಂದ್ಯವನ್ನೂ ಆಡಿದ. ಒಂದು ನಿಮಿಷಕ್ಕೆ ಹೊರಗೆ ಬರುವ ಜಾತಿಯಲ್ಲ ಅವನು, ಪೂರ್ತಿ ಆಡಿದ. ನೂರ ಎಂಬತ್ತೆಂಟನೆಯ ದಿನ ಸ್ಟೇಡಿಯಮ್ ತುಂಬಿತ್ತು. ಅರವತ್ತೊಂದನೇ ನಿಮಿಷದಲ್ಲಿ ಗೋಲಿನ ಮುಂದೆ ಹಾರಿದವನು ಯಾರದೋ ಮೊಣಕೈ ತಾಗಿ ಬಿದ್ದು ಎರಡು ನಿಮಿಷ ಅಲ್ಲಾಡಲಿಲ್ಲ. ನಿಜಗುಣ ಗಡಿಯಾರ ನೋಡಿಕೊಂಡ, ಅಭ್ಯಾಸ. ಆಮೇಲೆ ರೇ ಎದ್ದು ನಿಂತ. ಜನ ಅವನ ಹೆಸರು ಕೂಗಿದರು. ಆಟ ಮುಗಿದ ಮೇಲೆ ಅವನು ಎದುರು ತಂಡದ ಡ್ರೆಸ್ಸಿಂಗ್ ರೂಮಿನ ಕಡೆ ನಡೆದು ಹೋದ. ತಮಾಷೆ ಮಾಡುತ್ತಿದ್ದಾನೆಂದು ಎಲ್ಲರೂ ನಕ್ಕರು, ನಿಜಗುಣನೂ ನಕ್ಕ. ನನಗೆ ನಗು ಬರಲಿಲ್ಲ.

ಮನೆಗೆ ಬಂದು ದೊಡ್ಡ ಅಕ್ಷರದಲ್ಲಿ 188 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಕೆಂಪು ಪೆನ್ನಿನ ಮುಚ್ಚಳ ತೆಗೆದ. ಚಂದದ ಪುಟ, ಹೊಲಸಾಗುತ್ತದೆ ಎನ್ನಿಸಿತೇನೋ. ಮುಚ್ಚಳ ಮತ್ತೆ ಹಾಕಿದ. ಹದಿನೆಂಟು ವರ್ಷದಲ್ಲಿ ಅವನು ಬಿಟ್ಟ ಒಂದೇ ನಮೂದು ಅದು.

ರೇ ಮರುವರ್ಷವೇ ಆಟ ನಿಲ್ಲಿಸಿದ. ತಲೆನೋವು ಎಂದರು. ಆಮೇಲೆ ಕ್ಲಬ್ಬಿಗೆ ಕಂಪ್ಯೂಟರ್ ಬಂತು. ನನ್ನಲ್ಲಿದ್ದ ಗೋಲು, ನಿಮಿಷ, ಕಾರ್ಡು, ಬಂದ ಜನರ ಲೆಕ್ಕ ಎಲ್ಲವನ್ನೂ ಅದಕ್ಕೆ ಹತ್ತಿಸಿದರು. ಚುಕ್ಕಿಗಳಿಗೆ ಅದರಲ್ಲಿ ಕಾಲಂ ಇರಲಿಲ್ಲ, ಬಿಟ್ಟರು. ನನ್ನನ್ನು ನಿಜಗುಣನಿಗೇ ಹಿಂದಿರುಗಿಸಿದರು. ಅಂದಿನಿಂದ ಅವನ ಗ್ಯಾರೇಜಿನ ಕಪಾಟಿನಲ್ಲಿ, ನೀಲಗಂಗಾಳ ಖಾರಪುಡಿ ಡಬ್ಬಿಗಳ ಪಕ್ಕ ಇಪ್ಪತ್ತು ವರ್ಷ ಕೂತೆ. ನಿಜಗುಣನ ಕೂದಲು ಬೆಳ್ಳಗಾಯಿತು. ಗ್ಯಾರೇಜಿಗೆ ಬಂದರೂ ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಸಿಟ್ಟು ನನಗೂ ಇತ್ತು. ಆದರೆ ಚುಕ್ಕಿ ಇಟ್ಟವನೂ ಅವನೇ ಎಂದು ಸುಮ್ಮನಾಗುತ್ತಿದ್ದೆ.

ಹೋದ ವರ್ಷ ಒಂದು ಶನಿವಾರ ಬೆಳಿಗ್ಗೆ ಕಾರ್ಮನ್ ಎಂಬ ಹೆಣ್ಣುಮಗಳು ಬಂದಳು, ರೇ ವೆಲ್ಲಾನ ಮಗಳು. ಅಪ್ಪನ ಕೈ ಹಿಡಿದುಕೊಂಡಿದ್ದಳು. ಅವನಿಗಿನ್ನೂ ಐವತ್ತು. ಚಪ್ಪಲಿ ಅದಲುಬದಲಾಗಿ ಹಾಕಿಕೊಂಡಿದ್ದ.

"ಎಷ್ಟು ಸಲ ತಲೆಗೆ ಪೆಟ್ಟು ಬಿದ್ದಿದೆ ಅಂತ ಡಾಕ್ಟರ್ ಕೇಳುತ್ತಿದ್ದಾರೆ" ಎಂದಳು ಕಾರ್ಮನ್. "ಅಪ್ಪನಿಗೆ ನೆನಪಿಲ್ಲ. ಕ್ಲಬ್ಬಿನವರು ಅಂಥದ್ದೇನೂ ದಾಖಲಾಗಿಲ್ಲ ಎನ್ನುತ್ತಾರೆ. ನೀವು ಎಲ್ಲವನ್ನೂ ಬರೆದಿಡುತ್ತಿದ್ದಿರಂತೆ."

ನಿಜಗುಣ ಬಾಗಿಲಲ್ಲೇ ನಿಂತುಬಿಟ್ಟ. ನೀಲಗಂಗಾ ಗ್ಯಾರೇಜಿಗೆ ಬಂದು ನನ್ನನ್ನು ಎತ್ತಿಕೊಂಡಳು, ಸೆರಗಿನಿಂದ ಖಾರದ ಧೂಳು ಒರೆಸಿ ಅಡುಗೆಮನೆಯ ಮೇಜಿನ ಮೇಲಿಟ್ಟಳು. "ಇವತ್ತು ಶನಿವಾರ ಐತಿ. ಎಣಸ್ರಿ" ಎಂದಳು.

ಅವನು ಎಣಿಸಿದ. ಪುಟದಿಂದ ಪುಟಕ್ಕೆ ಬೆರಳಿಟ್ಟುಕೊಂಡು ಬಂದ. ಬಣ್ಣ ಮಾಸಿದ ಕಡೆ ನೀಲಗಂಗಾ ಕನ್ನಡಕ ಹಾಕಿಕೊಂಡು ತೋರಿಸಿದಳು. ಇಪ್ಪತ್ತಾರು. ಕಾರ್ಮನ್ ಬರೆದುಕೊಂಡಳು. ಕೊನೆಗೆ ಎರಡು ಗೆರೆ ಎಳೆದ ಪುಟ ಬಂತು. ನಿಜಗುಣ ಅವಳ ಪೆನ್ನು ಕೇಳಿ ತೆಗೆದುಕೊಂಡ. ಅದು ನೀಲಿ ಪೆನ್ನು. ಪರವಾಗಿಲ್ಲವೆಂದು ಅದರಲ್ಲೇ ಅಂಚಿನಲ್ಲೊಂದು ಚುಕ್ಕಿ ಇಟ್ಟ. "ಇಪ್ಪತ್ತೇಳು. ಇದೊಂದನ್ನ ನಾನು ಬರೆಯದೆ ಬಿಟ್ಟಿದ್ದೆ" ಎಂದು ಅವಳಿಗೆ ಹೇಳಿದ. ಅವಳು ಪೆನ್ನು ಹಿಂದಕ್ಕೆ ಪಡೆದು ತನ್ನ ಲೆಕ್ಕವನ್ನು ತಿದ್ದಿಕೊಂಡಳು.

ಪಕ್ಕದಲ್ಲಿ ಕೂತಿದ್ದ ರೇ ಬಾಗಿ ನನ್ನನ್ನು ನೋಡಿದ. ವೆಲ್ಲಾ ಎಂಬ ಹೆಸರಿನ ಉದ್ದಕ್ಕೂ ತುಂಬಿದ ಚೌಕಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿದ. ಅವನ ಮುಖದಲ್ಲಿ ಮೆಚ್ಚುಗೆಯಿತ್ತು.

"ಗಟ್ಟಿ ಮನುಷ್ಯ ಇವನು" ಎಂದ. "ಒಂದನ್ನೂ ತಪ್ಪಿಸಿಲ್ಲ." ಆಮೇಲೆ ಅಂಚಿನ ಚುಕ್ಕಿಗಳನ್ನು ನೋಡಿ ನಿಜಗುಣನ ಕಡೆ ತಿರುಗಿದ. "ಹೋಗಬೇಡ ಅಂತ ಹೇಳುವವರು ಇವನಿಗೆ ಯಾರೂ ಇರಲಿಲ್ಲವಾ?"

ಈಗ ನಾನು ರೇಗೆ ಚಿಕಿತ್ಸೆ ಕೊಡುವ ಡಾಕ್ಟರರ ಕೋಣೆಯ ಕಬ್ಬಿಣದ ಕಪಾಟಿನಲ್ಲಿದ್ದೇನೆ. ಇಲ್ಲಿ ಹುಳದ ಭಯವಿಲ್ಲ. ನಿಜಗುಣ ಪ್ರತಿ ಶನಿವಾರ ರೇ ಮನೆಗೆ ಹೋಗಿ ಕೂತು ಬರುತ್ತಾನಂತೆ. ಕಾರ್ಮನ್ ಇಲ್ಲಿಗೆ ಬಂದಾಗ ಡಾಕ್ಟರರಿಗೆ ಹೇಳುತ್ತಿದ್ದಳು. ಪ್ರತಿ ಸಲವೂ ರೇ ಅವನನ್ನು ಯಾರು ಎಂದು ಕೇಳುತ್ತಾನೆ. ನಿಜಗುಣ, ನಾನು ಹಾಜರಿ ಬರೆಯುತ್ತಿದ್ದವನು ಎನ್ನುತ್ತಾನೆ. ನನ್ನ ಕೊನೆಯ ಅರವತ್ತು ಹಾಳೆ ಖಾಲಿ ಉಳಿದಿವೆ, ಅವುಗಳ ಅಂಚೂ ಖಾಲಿ. ಯಾರೂ ಬರೆಯದಿದ್ದರೆ ನನಗೆ ಬೇಸರವಿಲ್ಲ.